ನೆಂಟರಿಗೆ ಏಟಿಲ್ಲ

ಕೆಂಪರಾಜ ಹೆಣ್ಣು ನೋಡಲು ಹೋದ ಮನೆಗಳಲ್ಲಿ ತಿಂದ ಕೇಸರಿಬಾತು, ಬಜ್ಜಿಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ದರೆ ಒಂದು ಮದುವೆಗೆ ಸಾಲುವಷ್ಟು ತಿಂಡಿಯಾಗುತ್ತಿತ್ತು. ಮದುವೆ ಮಾತ್ರ ಆಗಲಿಲ್ಲ. ಆವತಿ ಕಡೆಯ ಹುಡುಗ, ಮೈ ಬಗ್ಗಿಸಿ ದುಡಿಯುವವನು, ಬೀಡಿ ಸಿಗರೇಟು ಮುಟ್ಟಿದವನಲ್ಲ, ರೇಷ್ಮೆ ಹುಳು ಸಾಕುವುದರಲ್ಲಿ ಎತ್ತಿದ ಕೈ. ಇಷ್ಟನ್ನೂ ಕೇಳಿಸಿಕೊಂಡ ಮೇಲೆ ಹೆಣ್ಣಿನ ಕಡೆಯವರು, "ಅಂದ್ರೆ ಬೇಸಾಯ ಅನ್ನಿ" ಎನ್ನುತ್ತಿದ್ದರು. ಆ ಮಾತಿನ ಹಿಂದೆಯೇ ಕಾಫಿ ಬರುತ್ತಿತ್ತು, ಕಾಫಿಯ ಹಿಂದೆ ಹೆಣ್ಣು ಬರುತ್ತಿರಲಿಲ್ಲ. ಹೀಗೇ ನಲವತ್ತು ದಾಟಿತು. ಮೀಸೆಯಲ್ಲಿ ಬಿಳಿಕೂದಲು ಇಣುಕಿದಾಗ ಅವನು ಹೆಣ್ಣು ನೋಡುವುದನ್ನೇ ಬಿಟ್ಟು ಹುಳು ನೋಡಿಕೊಂಡು ಇದ್ದುಬಿಟ್ಟ.

ಕೊನೆಗೆ ಅವನಿಗೆ ಹೆಣ್ಣು ಕೊಟ್ಟವರು ಹೆಣ್ಣು ಹೆತ್ತವರಲ್ಲ, ಅವಳ ಅತ್ತೆ. ಸಾಸಲು ಹೋಬಳಿಯ ಒಂದು ಹಳ್ಳಿಯ ಗಂಗಲಕ್ಷ್ಮಮ್ಮ. ಅವರ ಒಬ್ಬನೇ ಮಗ ಅನಿಲ್‌ಕುಮಾರ್ ಕೆಲವು ವರ್ಷಗಳ ಹಿಂದೆ ಜ್ವರ ಬಂದು ತೀರಿಕೊಂಡಿದ್ದ. ಮನೆಯಲ್ಲಿ ಉಳಿದವರು ಸೊಸೆ ಶಶಿರೇಖಾ, ಮೊಮ್ಮಗಳು ಹರ್ಷಿತ. ಮನೆ ಹಿಂದೆ ಹಿಪ್ಪುನೇರಳೆ ತೋಟವಿತ್ತು. ಹುಳು ಸಾಕುವ ಗಂಡಾಳಿಲ್ಲದೆ ಬರೀ ಸೊಪ್ಪು ಮಾರುತ್ತಿದ್ದರು. ಆ ಸೊಪ್ಪು ಕೊಳ್ಳಲು ಕೆಂಪರಾಜ ಬಂದ. ಕೊಯ್ದ, ಹೊರೆ ಕಟ್ಟಿದ, ಟೆಂಪೊಗೆ ತುಂಬಿದ. ಹೊರಡುವ ಮುಂಚೆ ಸಾಲುಗಳ ನಡುವೆ ಉದುರಿದ್ದ ಎಲೆಗಳನ್ನೆಲ್ಲ ಆಯ್ದು ತಂದು ಆ ಮನೆಯ ಹಸುವಿನ ಮುಂದೆ ಹಾಕಿದ. ಯಾರೂ ಹೇಳಿರಲಿಲ್ಲ. ಗಂಗಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಅದನ್ನು ನೋಡಿದರು. ಮುಂದಿನ ಸಲ ಅವನು ಬಂದಾಗ ನೇರವಾಗಿ ಕೇಳಿಯೇಬಿಟ್ಟರು.

"ಮದ್ವೆ ಆಗಿಲ್ವಂತೆ?"

"ಇಲ್ಲ ಅಮ್ಮ."

"ನನ್ ಸೊಸೆ ಇದ್ದಾಳೆ. ಸೊಸೆ ಅಂದ್ರೆ ನಂಗೆ ಮಗಳೇ ಕಣಪ್ಪ. ಅವಳ್ನ ಕೇಳ್ದೆ. ನೋಡಿ ಹೇಳ್ತೀನಿ ಅಂದ್ಲು. ಅವಳು ನೋಡಿದ್ದಾಯ್ತು, ನೀನೇ ಇನ್ನೂ ತಲೆ ಎತ್ತಿಲ್ಲ."

ಕೆಂಪರಾಜ ತಲೆ ಎತ್ತಿದ. ಬಾಗಿಲ ಮರೆಯಲ್ಲಿ ಶಶಿರೇಖಾ ನಿಂತಿದ್ದಳು. ಊರಿನವರು ನಾಲ್ಕು ಮಾತಾಡಿದರು, ಆಡದೆ ಇರುತ್ತಾರೆಯೇ? ಗಂಗಲಕ್ಷ್ಮಮ್ಮ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಕಾರ್ತಿಕದಲ್ಲಿ ದೇವಸ್ಥಾನದಲ್ಲಿ ಸರಳವಾಗಿ ತಾಳಿ ಕಟ್ಟಿಸಿದರು. ಕೆಂಪರಾಜ ತನ್ನೂರಿನ ಹೊಲ ಮನೆಯನ್ನು ಅಣ್ಣನ ಸುಪರ್ದಿಗೆ ಬಿಟ್ಟು, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಟೆಂಪೊದಲ್ಲಿ ಹೇರಿಕೊಂಡು ಇಲ್ಲಿಗೇ ಬಂದ.

ಹರ್ಷಿತ ಆಗ ಏಳನೇ ಕ್ಲಾಸು. ಹುಡುಗಿ ಮುಖ ತಿರುಗಿಸಿಕೊಳ್ಳುತ್ತಾಳೆ, ಜಗಳ ಆಡುತ್ತಾಳೆ, ತಟ್ಟೆ ಕುಕ್ಕುತ್ತಾಳೆ, ಇದಕ್ಕೆಲ್ಲ ಕೆಂಪರಾಜ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. ಅವಳು ಅದೊಂದನ್ನೂ ಮಾಡಲಿಲ್ಲ. ಅವನು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದಳು. ಟಿವಿಯ ರಿಮೋಟು ಅವನ ಪಕ್ಕ ತಂದಿಡುತ್ತಿದ್ದಳು. ಬಸ್‌ಸ್ಟಾಪಿನ ತನಕ ಟಿವಿಎಸ್‌ನಲ್ಲಿ ಬಿಟ್ಟರೆ ಇಳಿದು "ಥ್ಯಾಂಕ್ಸ್" ಎನ್ನುತ್ತಿದ್ದಳು. ಸ್ವಂತ ಮನೆಯಲ್ಲಿ ಮಗಳ ಬಾಯಲ್ಲಿ ಥ್ಯಾಂಕ್ಸ್ ಕೇಳುವ ಅಪ್ಪನ ಸಂಕಟ ಯಾರ ಹತ್ತಿರ ಹೇಳಿಕೊಳ್ಳುವುದು? ಅವಳು ಅವನನ್ನು ಏನೂ ಅಂತ ಕರೆಯುತ್ತಲೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದೇ, ಈ ಹುಡುಗಿ ತನ್ನನ್ನು ಮನೆಯವನು ಅಂದುಕೊಳ್ಳಬೇಕು. ಅದೊಂದು ಆಗದೆ ಉಳಿದದ್ದೆಲ್ಲ ಆಗಿ ಏನು ಬಂತು ಎಂದು ಸೊಪ್ಪು ಹಾಕುವಾಗೆಲ್ಲ ಕೊರಗುತ್ತಿದ್ದ.

ಆ ಮನೆಯಲ್ಲಿ ಭಾನುವಾರ ಮುದ್ದೆ ಊಟವಾದ ಮೇಲೆ ಇಸ್ಪೀಟು ಆಡುವ ರೂಢಿಯಿತ್ತು. ದುಡ್ಡಿನ ಆಟವಲ್ಲ, ಕತ್ತೆ ಆಟ. ಅನಿಲ್‌ಕುಮಾರ್ ಇದ್ದಾಗ ಶುರುವಾದದ್ದು. ಅವನು ಹೋದ ಮೇಲೆ ಇಸ್ಪೀಟಿನ ಕಟ್ಟು ಅಟ್ಟ ಸೇರಿತ್ತು. ಹೊಸ ಅಳಿಯ ಬಂದ ಮೇಲೆ ಗಂಗಲಕ್ಷ್ಮಮ್ಮ ಅದನ್ನು ಇಳಿಸಿ, ಧೂಳು ಕೊಡವಿ, ನಡುಮನೆಯಲ್ಲಿ ಚಾಪೆ ಹಾಸಿದರು. ಆಟ ಗೊತ್ತಿಲ್ಲದ ಕೆಂಪರಾಜನಿಗೆ ಹೇಳಿಕೊಡುವ ಕೆಲಸವನ್ನು ಹರ್ಷಿತಳಿಗೆ ವಹಿಸಿದರು. ಅವಳು ಟೀಚರಮ್ಮನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

"ಎಲ್ಲರಿಗೂ ಸಮವಾಗಿ ಎಲೆ ಹಂಚ್ತೀವಿ. ಇಸ್ಪೀಟ್ ಎಕ್ಕ ಯಾರಿಗೆ ಬಂದಿದೆಯೋ ಅವರು ಶುರು ಮಾಡ್ತಾರೆ. ಅವರು ಯಾವ ಗುರುತು ಹಾಕ್ತಾರೋ ಎಲ್ಲರೂ ಅದೇ ಗುರುತು ಹಾಕ್ಬೇಕು. ಇಸ್ಪೀಟಿಗೆ ಇಸ್ಪೀಟು, ಆಟೀನಿಗೆ ಆಟೀನು. ಎಲ್ಲರೂ ಹಾಕಿದ್ರೆ ಆ ಎಲೆಗಳು ಕಸಕ್ಕೆ ಹೋಗುತ್ತೆ, ದೊಡ್ಡ ಎಲೆ ಹಾಕಿದವರು ಮುಂದಿನದು ಇಳಿಸ್ತಾರೆ."

"ನನ್ನತ್ರ ಆ ಗುರುತೇ ಇಲ್ಲ ಅಂದ್ರೆ?"

"ಆಗ್ಲೇ ಮಜಾ. ಬೇರೆ ಯಾವುದಾದ್ರೂ ಎಲೆ ತೆಗೆದು ಹೊಡೀಬೇಕು. ಅದು ಏಟು. ಏಟು ಬಿತ್ತು ಅಂದ್ರೆ ಸುತ್ತು ಅಲ್ಲಿಗೇ ನಿಂತ್ಹೋಗುತ್ತೆ. ಅಲ್ಲಿವರೆಗೆ ದೊಡ್ಡ ಎಲೆ ಹಾಕಿದ್ದವರು ಬಿದ್ದಿದ್ದೆಲ್ಲಾನೂ ಬಾಚ್ಕೋಬೇಕು. ಯಾರ ಕೈ ಖಾಲಿ ಆಗುತ್ತೋ ಅವರು ಪಾರು. ಕೊನೇಲಿ ಎಲೆ ಹಿಡ್ಕೊಂಡು ಉಳಿದವರು ಕತ್ತೆ. ಬಾಗಿಲಲ್ಲಿ ನಿಂತು ಬೀದಿಗೆ ಕೇಳೋ ಹಾಗೆ ಕೂಗ್ಬೇಕು."

"ಏಟು ಹಾಕ್ಲೇಬೇಕಾ?"

ಹರ್ಷಿತ ಅಜ್ಜಿಯ ಮುಖ ನೋಡಿದಳು. ಅಜ್ಜಿ ಕೆಮ್ಮಿದರು. "ಬೇಡ ಅನ್ನಿಸಿದ್ರೆ ಬಿಟ್ಟೆ ಅನ್ನಬಹುದು," ಎಂದಳು ಹುಡುಗಿ, "ಆಗ ಆ ಸುತ್ತು ಹಂಗೇ ಕಸಕ್ಕೆ."

ಆಟ ನಿಧಾನದ್ದಲ್ಲ. ಎಲೆಗಳು ಪಟಪಟನೆ ಚಾಪೆಗೆ ಬೀಳಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತು ಮುಗಿದು ಇನ್ನೊಂದು ಸುತ್ತು ಬಂದಿರಬೇಕು. ಯಾರಾದರೂ ಯೋಚಿಸುತ್ತಾ ಕೂತರೆ ಗಂಗಲಕ್ಷ್ಮಮ್ಮ, "ಕಾವಿಗೆ ಕೂತಿದ್ದೀಯಾ, ಹಾಕು" ಎಂದು ಗದರುತ್ತಿದ್ದರು. ಮಂಡಿನೋವು, ಬಿಪಿ ಮಾತ್ರೆ ಎಲ್ಲ ಆ ಹೊತ್ತಿಗೆ ಮರೆತುಹೋಗುತ್ತಿತ್ತು. ಅತ್ತೆ ಸೊಸೆಗೆ ಏಟು ಹಾಕುವರು, ಸೊಸೆ ಅತ್ತೆಗೆ ಹಾಕುವಳು, ಮೊಮ್ಮಗಳು ಇಬ್ಬರಿಗೂ ಹಾಕಿ ಕೇಕೆ ಹೊಡೆಯುವಳು. ಕೆಂಪರಾಜನ ಎಲೆ ದೊಡ್ಡದಾಗಿದ್ದಾಗ ಮಾತ್ರ ಯಾರಾದರೊಬ್ಬರು "ಬಿಟ್ಟೆ" ಎನ್ನುತ್ತಿದ್ದರು. ಅವನ ಕೈ ಎಲ್ಲರಿಗಿಂತ ಮುಂಚೆ ಖಾಲಿ. ಪ್ರತಿ ಭಾನುವಾರವೂ ಅವನೇ ಮೊದಲು ಪಾರು.

ನಮ್ಮ ಕೆಂಪರಾಜನಿಗೆ ತಲೆ ತಿರುಗಿದ್ದರಲ್ಲಿ ತಪ್ಪಿಲ್ಲ. ಆಟ ತನಗೆ ಒಲಿದುಬಿಟ್ಟಿದೆ ಎಂದುಕೊಂಡ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಪಕ್ಕದ ಮನೆಯ ಮುನಿಸ್ವಾಮಿ ಅರಳಿಕಟ್ಟೆಯ ಮೇಲೆ ಆಟ ಹಾಕಿದ್ದ. ಬಸ್ ಕಂಡಕ್ಟರಾಗಿ ರಿಟೈರಾದ ಮನುಷ್ಯ, ಎಲೆಗಳನ್ನು ಟಿಕೆಟ್ ಹರಿದುಕೊಟ್ಟ ಹಾಗೆ ಹಂಚುತ್ತಿದ್ದ. ಕೆಂಪರಾಜ ಪಂಚೆ ಎತ್ತಿಕಟ್ಟಿಕೊಂಡು, "ಕತ್ತೆ ಆಟ ತಾನೆ, ನನಗೂ ಹಾಕಿ ಮುನಿಸ್ವಾಮಣ್ಣ. ಬೇಗ ಮುಗಿಸಿ ಹುಳಕ್ಕೆ ಸೊಪ್ಪು ಹಾಕ್ಬೇಕು" ಎಂದು ಕೂತ. ಬೇಗ ಮುಗಿಯಲಿಲ್ಲ. ಏಟಿನ ಮೇಲೆ ಏಟು. ಎಲೆಗಳನ್ನು ಹಿಡಿಯಲು ಅವನಿಗೆ ಎರಡು ಕೈ ಸಾಲದಾಯಿತು.

"ಅಲ್ಲ ಮುನಿಸ್ವಾಮಣ್ಣ, ಒಂದ್ಸಲನಾದ್ರೂ ಬಿಟ್ಟೆ ಅನ್ನಬಹುದಿತ್ತಲ್ಲ?"

"ಏನ್ ಅನ್ನಬಹುದಿತ್ತು?"

"ಬಿಟ್ಟೆ ಅಂತ. ನಮ್ಮನೇಲಿ ಅಂತಾರೆ."

ಮುನಿಸ್ವಾಮಿ ನಕ್ಕ ನಗುವಿಗೆ ಕೆಮ್ಮೇ ಬಂತು. "ಅಯ್ಯೋ ಗುರು, ಹಂಗಂತ ಯಾವ ಆಟದಲ್ಲೂ ಇಲ್ಲ. ಗಂಗಲಕ್ಷ್ಮಮ್ಮನ ಮನೇಲಿ ಮಾತ್ರ ಇರೋದು. ನೆಂಟರು ಬಂದಾಗ ಏಟು ಹಾಕಿ ಕತ್ತೆ ಮಾಡಿ ಕಳಿಸ್ಬಾರ್ದು ಅಂತ ಆಯಮ್ಮ ಮಾಡಿಟ್ಟಿರೋ ಪದ್ಧತಿ. ಅನಿಲ್ ಇದ್ದ ಕಾಲದಲ್ಲಿ ನಾನು ರಿಟೈರಾಗಿ ಈ ಪಕ್ಕದ ಮನೆಗೆ ಬಂದಾಗ ನಂಗೂ ಒಂದು ವಾರ ಬಿಟ್ಟೆ ಅಂದ್ರು. ಆಮೇಲೆ ಬಿಟ್ಟಾರಾ? ಚಚ್ಚಿಹಾಕಿದ್ರು."

ಮುನಿಸ್ವಾಮಿಗೆ ಒಂದು ವಾರ. ತನಗೆ ಕಾರ್ತಿಕದಿಂದ ಸಂಕ್ರಾಂತಿ ದಾಟಿದರೂ ಮುಗಿದಿಲ್ಲ. ಕೆಂಪರಾಜ ಕತ್ತೆಯಾಗಿದ್ದಕ್ಕೆ ಅಲ್ಲೇ ಒಂದು ಸಲ ಕೂಗಿ, ಹುಳು ಮನೆಗೆ ಹೋಗಿ ಕೂತ. ಹುಳುಗಳು ಸೊಪ್ಪು ತಿನ್ನುವ ಸರಸರ ಶಬ್ದ ಅವನಿಗೆ ಯಾವತ್ತೂ ಸಮಾಧಾನ ಕೊಡುತ್ತಿತ್ತು. ಅವತ್ತು ಕೊಡಲಿಲ್ಲ. ಹುಡುಗಿ ಎದ್ದು ನಿಲ್ಲುವುದು, ರಿಮೋಟು ಕೊಡುವುದು, ಥ್ಯಾಂಕ್ಸ್ ಎನ್ನುವುದು, ಎಲ್ಲವೂ ಬಿಟ್ಟೆ ಅಂದ ಹಾಗೇ ಅಲ್ಲವೇ ಎನಿಸಿತು. ಶಶಿರೇಖಾ ಸೊಪ್ಪಿನ ಹೊರೆ ಇಳಿಸಲು ಬಂದಾಗ ಕೇಳಿಯೇಬಿಟ್ಟ.

"ನಾನು ಈ ಮನೆಗೆ ನೆಂಟನಾ?"

ಶಶಿರೇಖಾ ವಿಷಯ ಕೇಳಿ ಮೊದಲು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. "ನಮಗೆ ಬಾಯಿಗೆ ರೂಢಿಯಾಗಿ ಬಂದ್ಬಿಡ್ತಿತ್ತು ಕಣ್ರೀ. ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ನೋಡಿ" ಎಂದಳು.

ಮುಂದಿನ ಭಾನುವಾರ ಅತ್ತೆ ಸೊಸೆ ಇಬ್ಬರೂ ಸೇರಿ ಅವನಿಗೆ ಹಾಕಿದ ಏಟಿಗೆ ಲೆಕ್ಕವಿಲ್ಲ. ಅವನಿಗೆ ಪ್ರತಿ ಏಟಿಗೂ ಜೀವ ತಂಪಾಗುತ್ತಿತ್ತು. ಆದರೆ ಹರ್ಷಿತಳ ಸರದಿ ಬಂದಾಗ ಅವಳು ಕಣ್ಣು ಮೇಲೆತ್ತದೆ "ಬಿಟ್ಟೆ" ಎಂದಳು. ಅದರ ಮುಂದಿನ ವಾರವೂ ಬಿಟ್ಟೆ, ಶಿವರಾತ್ರಿ ಕಳೆದರೂ ಬಿಟ್ಟೆ. ಅವಳಿಗೆ ಹೊಡಿ ಎಂದು ಹೇಳುವುದು ಹೇಗೆ? ಹೇಳಿಸಿಕೊಂಡು ಹಾಕಿದ ಏಟನ್ನು ಏನು ಮಾಡುವುದು? ಕೆಂಪರಾಜ ಬಾಯಿ ಬಿಡಲಿಲ್ಲ. ಆಟ ಮುಗಿದ ಕೂಡಲೇ ಎದ್ದು ತೋಟದ ಕಡೆ ಹೋಗಿಬಿಡುತ್ತಿದ್ದ.

ಇದನ್ನು ಕಂಡವರು ಗಂಗಲಕ್ಷ್ಮಮ್ಮ. ಯುಗಾದಿಗೆ ಸ್ವಲ್ಪ ಮುಂಚೆ ಹುಳುಗಳು ಹಣ್ಣಾಗಿ ಗೂಡು ಕಟ್ಟುವ ಹಂತಕ್ಕೆ ಬಂದಿದ್ದವು. ಅತ್ತೆ ಅಳಿಯ ಇಬ್ಬರೂ ಹಣ್ಣು ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಕೈ ಆಡುತ್ತಿದ್ದಂತೆಯೇ ಅವರು ಕೇಳಿದರು.

"ಮಗು ನಿಂಗೆ ಏಟು ಹಾಕಲ್ಲ ಅಂತ ತಾನೆ ಬೇಜಾರು?"

ಕೆಂಪರಾಜ ಇನ್ನೊಂದು ಹುಳು ಎತ್ತಿ ಚಂದ್ರಿಕೆಗೆ ಬಿಟ್ಟ.

"ನೀನು ಅವಳಿಗೆ ಎಷ್ಟು ಸಲ ಹಾಕಿದ್ದೀಯಪ್ಪ?"

ಕೆಂಪರಾಜನ ಕೈ ನಿಂತಿತು. ನೆನಪು ಮಾಡಿಕೊಂಡ. ಅತ್ತೆಗೆ ಹಾಕಿದ್ದ, ಹೆಂಡತಿಗೆ ಹಾಕಿದ್ದ. ಹರ್ಷಿತಳ ಎಲೆ ದೊಡ್ಡದಾಗಿದ್ದಾಗೆಲ್ಲ ಅವನ ಬಾಯಿಂದ ಬಂದದ್ದು ಬಿಟ್ಟೆ.

"ಪಾಪ, ತಂದೆ ಇಲ್ಲದ ಮಗು ಅಂತ," ಎಂದ.

"ಅದನ್ನೇ ನಾನು ಹೇಳ್ತಿರೋದು. ಹೋದ ಬೆಳೇಲಿ ಸೆಂಟು ಹೊಡ್ಕೊಂಡು ಹುಳು ಮನೆ ಒಳಗೆ ಬಂದಿದ್ಲಲ್ಲ, ಜ್ಞಾಪಕ ಇದೆಯಾ? ಸೆಂಟಿನ ವಾಸನೆ ಹುಳಕ್ಕೆ ಆಗಲ್ಲ ಅಂತ ನಿಂಗೆ ಗೊತ್ತು. ನಾನೇ ಬಂದಿದ್ರೂ ಕೂಗಾಡಿ ಆಚೆಗೆ ಅಟ್ಟಿರೋನು. ಅವಳಿಗೆ ಏನಂದೆ? ಪರವಾಗಿಲ್ಲ ಬಿಡಮ್ಮ ಅಂದು ಕಿಟಕಿ ತೆಗೆದೆ."

"ಬೈದ್ರೆ ಮಗು ನೊಂದ್ಕೊಳ್ಳುತ್ತೆ ಅಂತ ಅತ್ತೆ."

"ಅವತ್ತು ಒಳಗೆ ಬಂದು ನನ್ ಮಡಿಲಲ್ಲಿ ಮುಖ ಇಟ್ಕೊಂಡು ಅತ್ತಳು ಕಣಪ್ಪ. ಬೈದೆ ಅಂತ ಅಲ್ಲ. ಬೈಯಲಿಲ್ಲ ಅಂತ. ನಮ್ಮಪ್ಪ ಆಗಿದ್ರೆ ಬೈಯೋರು ಅಜ್ಜಿ, ಇವರು ನಾನು ಯಾರ ಮಗಳೋ ಅನ್ನೋ ಹಾಗೆ ಇರ್ತಾರೆ ಅಂದ್ಲು."

ಗಂಗಲಕ್ಷ್ಮಮ್ಮ ಅಷ್ಟು ಹೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಕೆಂಪರಾಜನಿಗೆ ಕಣ್ಣು ಮಂಜಾಗಿ ಯಾವ ಹುಳು ಹಣ್ಣು, ಯಾವುದು ಕಾಯಿ ಎನ್ನುವುದೇ ತಿಳಿಯಲಿಲ್ಲ. ತಾನು ಕೂಡ ಅವಳನ್ನು ನೆಂಟರ ಮಗುವಿನ ಹಾಗೆ ಕಂಡಿದ್ದೇನೆ ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಆ ಕಡೆಯ ಹಳ್ಳಿಗಳಲ್ಲಿ ಅವತ್ತು ಮಟನ್ ಸಾರಿನ ಘಮವಿಲ್ಲದ ಬೀದಿಯಿಲ್ಲ, ಇಸ್ಪೀಟಿನ ಸದ್ದಿಲ್ಲದ ಜಗಲಿಯಿಲ್ಲ. ಅವತ್ತು ಹೇಗಿರುತ್ತೇವೋ ವರ್ಷವೆಲ್ಲ ಹಾಗೇ ಇರುತ್ತೇವೆ ಎಂಬ ನಂಬಿಕೆ ಬೇರೆ. ಅದಕ್ಕೇ ಅವತ್ತು ಯಾರೂ ಯಾರನ್ನೂ ಬೈಯುವುದಿಲ್ಲ, ಮಕ್ಕಳ ಕಣ್ಣಲ್ಲಿ ನೀರು ಹಾಕಿಸುವುದಿಲ್ಲ. ಊಟ ಮುಗಿಸಿ ನಾಲ್ಕೂ ಜನ ಚಾಪೆಗೆ ಇಳಿದರು. ಅಜ್ಜಿಯ ಪಕ್ಕ ಶಶಿರೇಖಾ, ಅವಳ ಪಕ್ಕ ಹರ್ಷಿತ, ಆಮೇಲೆ ಕೆಂಪರಾಜ.

ಅವತ್ತು ಹರ್ಷಿತಳ ಕೈ ಚೆನ್ನಾಗಿತ್ತು. ಸುತ್ತಿನ ಮೇಲೆ ಸುತ್ತು ಮುಗಿದು ಅವಳ ಹತ್ತಿರ ಕೆಲವೇ ಎಲೆಗಳು ಉಳಿದಿದ್ದವು. ಗಂಗಲಕ್ಷ್ಮಮ್ಮ ಆಟೀನಿನ ಸಣ್ಣ ಎಲೆ ಇಳಿಸಿದರು. ಶಶಿರೇಖಾ ಇನ್ನೂ ಸಣ್ಣದು ಹಾಕಿದಳು. ಹರ್ಷಿತ ಆಟೀನ್ ರಾಜ ಹಾಕಿದಳು. ಕೆಂಪರಾಜನ ಕೈಯಲ್ಲಿ ಆಟೀನು ಇರಲಿಲ್ಲ. ಹುಡುಗಿ ಅವನ ಬಾಯಿಂದ ಬಿಟ್ಟೆ ಎಂದು ಬರುವುದಕ್ಕೂ ಕಾಯದೆ ಎಲೆಗಳನ್ನು ಕಸಕ್ಕೆ ಸರಿಸಲು ಕೈ ಚಾಚಿದ್ದಳು. ಕೆಂಪರಾಜ ಕಳಾವರ್ ಎಕ್ಕ ಎತ್ತಿ ಅವಳ ರಾಜನ ಮೇಲೆ ಬಡಿದ.

"ಏಟು."

ಚಾಚಿದ್ದ ಕೈ ಅಲ್ಲೇ ನಿಂತಿತು. ಹುಡುಗಿ ಎಲೆಗಳನ್ನು ನೋಡಿದಳು, ಅವನ ಮುಖ ನೋಡಿದಳು, ಎಲ್ಲವನ್ನೂ ಬಾಚಿಕೊಂಡಳು. ಬಾಚಿಕೊಂಡವರೇ ಇಳಿಸಬೇಕಾದ್ದರಿಂದ ಈಗ ಸರದಿ ಅವಳದು. ಅವಳು ಡೈಮನ್ ರಾಣಿ ಇಳಿಸಿದಳು. ಕೆಂಪರಾಜನ ಹತ್ತಿರ ಡೈಮನ್ನೂ ಇರಲಿಲ್ಲ. ಮತ್ತೆ ಏಟು ಹಾಕಿದ. ಹರ್ಷಿತಳ ಕಣ್ಣು ತುಂಬಿ ಒಂದು ಹನಿ ಎಲೆಗಳ ಮೇಲೇ ಬಿತ್ತು.

"ರೀ, ಇವತ್ತು ಬೇಡ," ಎಂದಳು ಶಶಿರೇಖಾ. "ವರ್ಷತೊಡಕಿನ ದಿನ ಮಗೂನ ಅಳಿಸ್ತೀರಲ್ಲ."

"ಆಡೋರು ಆಡ್ಲಿ, ನೀನು ಸುಮ್ನಿರು," ಎಂದರು ಗಂಗಲಕ್ಷ್ಮಮ್ಮ.

ಕೆಂಪರಾಜನಿಗೆ ಆ ಕ್ಷಣ ಎದ್ದು ಓಡಿಹೋಗಬೇಕು ಅನಿಸಿತು. ಎಲ್ಲ ಕೆಡಿಸಿಬಿಟ್ಟೆನೇನೋ, ಇಷ್ಟು ದಿನ ಇದ್ದ ಥ್ಯಾಂಕ್ಸೂ ಇನ್ನು ಮೇಲೆ ಸಿಗುವುದಿಲ್ಲವೇನೋ ಎಂದು ಹೆದರಿದ. ಹರ್ಷಿತ ಭುಜಕ್ಕೆ ಮೂಗು ಒರೆಸಿಕೊಂಡಳು.

"ನಿಮಗೆ ಬಿಟ್ಟೆ ಅನ್ನೋಕೆ ಬರಲ್ವಾ?"

"ಬರುತ್ತೆ," ಎಂದ ಕೆಂಪರಾಜ. "ನಿಂಗೆ ಅನ್ನಲ್ಲ. ನೀನು ನಮ್ಮನೆ ಹುಡುಗಿ. ಇನ್ಮೇಲೆ ಸೆಂಟ್ ಹೊಡ್ಕೊಂಡು ಹುಳು ಮನೆಗೆ ಬಂದ್ರೂ ಸುಮ್ನಿರಲ್ಲ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಮುಖ ಊದಿಕೊಂಡೇ ಇತ್ತು. ಆಮೇಲೆ ಚಕ್ಕಂಬಕ್ಕಳ ಹಾಕಿ ಮುಂದಕ್ಕೆ ಸರಿದು ಕೂತು, ಜಡೆ ಹಿಂದಕ್ಕೆ ಎಸೆದು, ಎಲೆಗಳನ್ನು ಬಿಡಿಸಿ ಹಿಡಿದಳು. "ಯಾರ ಸರದಿ? ನಂದಾ? ಹಾಕಿದ್ದೀನಿ, ಬೇಗ ಹಾಕಿ" ಎಂದಳು.

ಆಮೇಲಿನದು ಆಟವಲ್ಲ, ದಾಳಿ. ಅಜ್ಜಿ ಪಾರಾದರು, ಶಶಿರೇಖಾ ಪಾರಾದಳು, ಉಳಿದವರು ಇವರಿಬ್ಬರೇ. ಇಬ್ಬರೇ ಉಳಿದಾಗ ಕಸಕ್ಕೆ ಹೋದದ್ದು ಯಾವುದು, ಎದುರಿನವರ ಕೈಯಲ್ಲಿರುವುದು ಯಾವುದು ಎಂದು ಲೆಕ್ಕ ಇಟ್ಟವರೇ ಗೆಲ್ಲುವುದು. ಹುಡುಗಿ ಲೆಕ್ಕ ಇಟ್ಟಿದ್ದಳು. ಕೆಂಪರಾಜ ಸೋಲಬೇಕೆಂದು ಆಡಲಿಲ್ಲ, ಗೆಲ್ಲಲೆಂದೇ ಆಡಿದ. ಆದರೂ ಅವನ ಕೈಯಲ್ಲಿ ಇಸ್ಪೀಟು ಬಿಟ್ಟು ಬೇರೆ ಗುರುತು ಉಳಿಯದ ಹಾಗೆ ತಂದು ನಿಲ್ಲಿಸಿದಳು. ಅವನು ಇಸ್ಪೀಟು ಇಳಿಸಿದ. ಅವಳ ಹತ್ತಿರ ಒಂದೂ ಇಸ್ಪೀಟಿಲ್ಲ. ಗಂಗಲಕ್ಷ್ಮಮ್ಮ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಅವಳು ಏನು ಹೇಳುತ್ತಾಳೋ ಎಂದು ಕೆಂಪರಾಜ ಅವಳ ಬಾಯಿಯನ್ನೇ ನೋಡಿದ.

ಹರ್ಷಿತ ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಅವನೇ ಕೊಟ್ಟಿದ್ದ ಕಳಾವರ್ ಎಕ್ಕವನ್ನು ಅವನ ಮುಂದೆ ಬಡಿದಳು. ಚಾಪೆಯ ಮೇಲಿದ್ದ ಎಲೆಗಳು ಹಾರಿ ಅವನ ಮಡಿಲಿಗೆ ಬಿದ್ದವು.

"ಏಟು. ಬಾಚ್ಕೊಳ್ಳಿ."

ಕೆಂಪರಾಜ ಬಾಚಿಕೊಂಡ. ಅವನು ಮತ್ತೆ ಇಳಿಸಿದ, ಅವಳು ಮತ್ತೆ ಹಾಕಿದಳು. ಅವನಿಗೆ ಎಲೆಗಳು ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈ ತುಂಬಾ ಎಲೆ. ಅವಳ ಕೊನೆಯ ಎಲೆ ಬಿದ್ದಾಗ ಹುಡುಗಿ ಚಾಪೆಯಿಂದ ನೆಗೆದು ಎದ್ದು, ಅವನ ಅಂಗಿಯ ತೋಳು ಹಿಡಿದು ಎಳೆದುಕೊಂಡು ಬಾಗಿಲಿಗೆ ನಡೆದಳು. ಅಷ್ಟು ತಿಂಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಜೋರಾಗಿ ಕೂಗ್ಬೇಕು. ಬೀದಿಗೆ ಕೇಳ್ಬೇಕು."

ಕೆಂಪರಾಜ ಬಾಗಿಲಲ್ಲಿ ನಿಂತು ಕತ್ತೆಯ ಹಾಗೆ ಕೂಗತೊಡಗಿದ. ಪಕ್ಕದ ಜಗಲಿಯಲ್ಲಿ ಎಲೆ ಹಂಚುತ್ತಿದ್ದ ಮುನಿಸ್ವಾಮಿ ತಲೆ ಹೊರಳಿಸಿದ.

"ಯಾವೂರ ಕತ್ತೆನವ್ವಾ ಅದು?"

"ನಮ್ಮನೇದೇ ತಾತ," ಎಂದಳು ಹರ್ಷಿತ. ತೋಳು ಬಿಟ್ಟಿರಲಿಲ್ಲ.

ಕೆಂಪರಾಜನ ಕೂಗು ಅರ್ಧಕ್ಕೇ ನಿಂತುಹೋಯಿತು. ಅವಳು ತಿರುಗಿ ನೋಡಿದಳು.

"ಮೋಸ ಮಾಡ್ಬೇಡಿ. ಪೂರ್ತಿ ಕೂಗಿ," ಎಂದು ಗದರಿದಳು. ಕೆಂಪರಾಜ ಗಂಟಲು ಸರಿಮಾಡಿಕೊಂಡು ಪೂರ್ತಿ ಕೂಗಿದ.